ಹೆಂಡದ ಹಾಡು, ಹೆಂಡದ ಕಸುಬು

ನಾವು ವಾಸವಾಗಿರುವುದು ಮದರಾಸಿನ ಉತ್ತರದ ತುದಿಯಲ್ಲಿರುವ ಎಣ್ಣೂರಿನಲ್ಲಿ. ಬೆಂಗಳೂರಿನ ಕಡೆಯ ನೆಂಟರು ಫೋನು ಮಾಡಿದಾಗಲೆಲ್ಲ "ಏನು, ಎಣ್ಣೆಯೂರಿನವರು ಹೇಗಿದ್ದೀರಿ?" ಎಂದು ಕೇಳಿ ನಗುವುದು ಒಂದು ವಾಡಿಕೆ. ಈಗಿನ ಕನ್ನಡದಲ್ಲಿ, ಅದರಲ್ಲೂ ಸಿನಿಮಾ ಹಾಡುಗಳ ಕನ್ನಡದಲ್ಲಿ, 'ಎಣ್ಣೆ' ಎಂದರೆ ಯಾವ ಎಣ್ಣೆಯೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಿಗೂ ಆ ಎಣ್ಣೆಗೂ ವಿಶೇಷ ಸಂಬಂಧವೇನೂ ಇಲ್ಲ. ಇಲ್ಲಿ ನಾವು ಕಂಡ ಎಣ್ಣೆಯೆಂದರೆ 2023ರ ಡಿಸೆಂಬರಿನ ಚಂಡಮಾರುತದ ಮಳೆಯಲ್ಲಿ ಕೊಸಸ್ತಲೈ ನದಿಯ ಅಳಿವೆಯ ತುಂಬ ತೇಲಿ ಬಂದು, ಬೆಸ್ತರ ದೋಣಿ ಬಲೆಗಳಿಗೆಲ್ಲ ಮೆತ್ತಿಕೊಂಡ ಕಪ್ಪೆಣ್ಣೆ ಮಾತ್ರ. ಆದರೂ ಈ ತಿಂಗಳ ನಮ್ಮ ಬರಹ ಆ ಇನ್ನೊಂದು ಎಣ್ಣೆಯ ಬಗೆಗೇ ಇದೆ. ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ: ನಾವು ಕುಡಿಯುವವರಲ್ಲ, ಕುಡಿಯಿರೆಂದು ಹೇಳುವವರೂ ಅಲ್ಲ. ನಮ್ಮ ಮಾತು ಸಾಹಿತ್ಯವನ್ನು ಕುರಿತದ್ದು.

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ವೇದಿಕೆಯ ಮೇಲೆ ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಹಾಡಿದ್ದು ಎಲ್ಲರಿಗೂ ನೆನಪಿರಬಹುದು. ಮೈಸೂರು ಅನಂತಸ್ವಾಮಿಯವರು ಹಾಕಿಕೊಟ್ಟ ಧಾಟಿಯಲ್ಲಿ ನಮ್ಮ ಹುಡುಗರು ಚೆನ್ನಾಗಿಯೇ ಹಾಡಿದರು. ಹೆಂಡವನ್ನೂ ಹೆಂಡತಿ ಪುಟ್ನಂಜಿಯನ್ನೂ ಕನ್ನಡವನ್ನೂ ಪ್ರಾಣದಂತೆ ಹಚ್ಚಿಕೊಂಡಿರುವ ರತ್ನನಿಗೆ ಸಭೆ ಚಪ್ಪಾಳೆ ತಟ್ಟಿತು. ಅಷ್ಟರಲ್ಲಿ ಪಕ್ಕದಲ್ಲಿ ಕುಳಿತಿದ್ದ ನಮ್ಮ ಮಗ, ಇಲ್ಲೇ ಹುಟ್ಟಿ ಬೆಳೆದ ಎಂಟನೆಯ ತರಗತಿಯ ಹುಡುಗ, "ಅಪ್ಪಾ, ಹೆಂಡ ಅಂದ್ರೆ ಏನು? ಬೀರಾ? ಅದನ್ನ ಎಲ್ಲಿ ಮಾಡ್ತಾರೆ?" ಎಂದು ಕೇಳಿದ. "ಮನೆಗೆ ಹೋಗಿ ಹೇಳ್ತೀನಿ, ಸುಮ್ಮನಿರು" ಎಂದೆವು. ಹುಡುಗನ ಆಚೆ ಬದಿಯಲ್ಲಿ ನಮ್ಮ ತಂದೆಯವರು ಕುಳಿತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಅವರ ಕೈ ಮಾತ್ರ ಮಡಿಲಲ್ಲೇ ಇತ್ತು.

ಅದಕ್ಕೆ ಕಾರಣ ನಮಗೆ ಗೊತ್ತಿತ್ತು. ಅವರ ತಂದೆ, ಎಂದರೆ ನಮ್ಮ ತಾತ, ಚಿತ್ರದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಈಚಲು ಮರದಿಂದ ಹೆಂಡ ಇಳಿಸುತ್ತಿದ್ದವರು. ಅಪ್ಪ ಹುಡುಗನಾಗಿದ್ದಾಗ ಆ ಮಡಕೆಗಳನ್ನು ತಲೆಯ ಮೇಲೆ ಹೊತ್ತವರು. ಎಪ್ಪತ್ತರ ದಶಕದಲ್ಲಿ ಇಲ್ಲಿಯ ಕಾರ್ಖಾನೆಯೊಂದರ ಕೆಲಸಕ್ಕೆ ಬಂದು ಎಣ್ಣೂರಿನಲ್ಲಿ ನೆಲೆನಿಂತ ಮೇಲೆ ಆ ಸುದ್ದಿಯನ್ನು ಅವರು ಮನೆಯ ಹೊಸ್ತಿಲು ದಾಟಿಸಿರಲಿಲ್ಲ. ಯಾರಾದರೂ ಕೇಳಿದರೆ "ವ್ಯವಸಾಯ" ಎಂದು ಹೇಳುವುದು ನಮ್ಮ ಮನೆಯ ರೂಢಿಯಾಗಿತ್ತು. ಈಗ ಬರೆಯುತ್ತಿರುವುದು ಅವರ ಒಪ್ಪಿಗೆಯನ್ನು ಪಡೆದೇ.

ಮಗನ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದವು. ಹೆಂಡವೆಂದರೆ ಏನು ಎಂಬುದು ಒಂದು, ಅದನ್ನು ಎಲ್ಲಿ ಹೇಗೆ ಮಾಡುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕನ್ನಡ ಸಾಹಿತ್ಯದಲ್ಲಿ ಬೇಕಾದಷ್ಟು ಉತ್ತರವಿದೆ, ಎರಡನೆಯದಕ್ಕೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಮ್ಮ ಸಾಹಿತ್ಯ ಪಾನವನ್ನು ವರ್ಣಿಸಿದೆ, ಹಾಡಿದೆ, ಹಳಿದಿದೆ, ಪಾನಕ್ಕೆ ಸಿಕ್ಕಿ ಹಾಳಾದವನಿಗಾಗಿ ಕಣ್ಣೀರೂ ಇಟ್ಟಿದೆ. ಆದರೆ ಮಡಕೆ ತುಂಬುವವನ ಕೈಯನ್ನು ಮಾತ್ರ ಅದು ನೋಡಿಲ್ಲ. ಇದು ಒಂದು ದೊಡ್ಡ ಲೋಪವೆಂಬುದೇ ಈ ಲೇಖನದ ವಾದ.

ಹಳಗನ್ನಡದಿಂದಲೇ ಹೊರಡೋಣ. ಚಂಪೂಕಾವ್ಯವೆಂದರೆ ಅಷ್ಟಾದಶ ವರ್ಣನೆಗಳಿರಬೇಕೆಂಬ ಕಟ್ಟಳೆ ಶಾಲೆಯಲ್ಲಿ ಕನ್ನಡ ಓದಿದ ಎಲ್ಲರಿಗೂ ಗೊತ್ತು. ಸಮುದ್ರ, ಪರ್ವತ, ಸೂರ್ಯೋದಯ, ಚಂದ್ರೋದಯಗಳ ಸಾಲಿನಲ್ಲಿ ಮಧುಪಾನವೂ ಒಂದು. ಎಂದರೆ ಕುಡಿಯುವುದರ ಸೊಗಸನ್ನು ವರ್ಣಿಸುವುದು ಕವಿಗೆ ಕೇವಲ ಅನುಮತಿಯಲ್ಲ, ಕರ್ತವ್ಯವೇ ಆಗಿತ್ತು. ಬಟ್ಟಲು, ಅದರಲ್ಲಿ ಬಿದ್ದ ಚಂದ್ರನ ನೆರಳು, ಕೆಂಪೇರಿದ ಕಣ್ಣು, ತೊದಲುವ ಮಾತು ಇವೆಲ್ಲ ಕಾವ್ಯದ ಸಾಮಗ್ರಿಯಾದುವು. ಆ ಬಟ್ಟಲಿಗೆ ಮಧು ಎಲ್ಲಿಂದ ಬಂತು, ಯಾರು ಇಳಿಸಿದರು, ಎಷ್ಟು ದಿನ ಹುಳಿಸಿದರು ಎಂದು ಕವಿ ಕೇಳಲಿಲ್ಲ. ಅದು ಅರಮನೆಯ ಕಾವ್ಯ, ಕೇಳಬೇಕೆಂದು ನಾವು ಒತ್ತಾಯಿಸುವುದೂ ಸರಿಯಲ್ಲ. ಆದರೆ ಮಾಡುವ ವಿದ್ಯೆಯನ್ನು ಬರೆಯುವುದು ಕನ್ನಡಕ್ಕೆ ಬಾರದ ವಿದ್ಯೆಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಅಡಿಗೆಯ ಗ್ರಂಥವನ್ನು ಷಟ್ಪದಿಯಲ್ಲಿಯೇ ಬರೆದ. ಒಲೆಯ ಮುಂದಿನ ಜ್ಞಾನಕ್ಕೆ ಛಂದಸ್ಸು ಸಿಕ್ಕಿತು. ಮರದ ಮೇಲಿನ ಜ್ಞಾನಕ್ಕೆ ಸಿಗಲಿಲ್ಲ.

ಇನ್ನು ರಾಜರತ್ನಂ ಅವರ ವಿಷಯ. ಅವರ ಬಗ್ಗೆ ನಮಗೆ ಅಪಾರ ಗೌರವವಿದೆ, ಆ ಗೌರವದಿಂದಲೇ ಆಕ್ಷೇಪವನ್ನೂ ಎತ್ತುತ್ತಿದ್ದೇವೆ. 1930ರ ದಶಕದಲ್ಲಿ, ಗ್ರಂಥಸ್ಥ ಭಾಷೆಯೇ ಕಾವ್ಯದ ಭಾಷೆಯೆಂದು ನಂಬಿದ್ದ ಕಾಲದಲ್ಲಿ, ಕುಡುಕನೊಬ್ಬನ ಒರಟು ಮಾತನ್ನು ತಂದು ಕಾವ್ಯದ ಪಂಕ್ತಿಯಲ್ಲಿ ಕೂರಿಸಿದವರು ಅವರು. ಆ ಮಾತಿನಲ್ಲಿ ಸುಳ್ಳಿಲ್ಲ, ಬಡವನನ್ನು ಗೇಲಿ ಮಾಡುವ ಮೇಲುಜಾಣತನವೂ ಇಲ್ಲ. ಇದಕ್ಕಿಂತ ಆಶ್ಚರ್ಯದ ಸಂಗತಿಯೆಂದರೆ ರಾಜರತ್ನಂ ಅವರು ಸ್ವತಃ ಹೆಂಡ ಮುಟ್ಟಿದವರಲ್ಲ. ಕುಡಿಯದೆಯೇ ಕುಡುಕನ ಒಳಗನ್ನು ಅವರು ಹೊಕ್ಕರು. ಹೇಗೆ? ಕಿವಿಗೊಟ್ಟು ಕೇಳಿದ್ದರಿಂದ. ನಮ್ಮ ಆಕ್ಷೇಪ ಹುಟ್ಟುವುದು ಇಲ್ಲಿಯೇ. ಕುಡಿಯದ ಕವಿ ಕುಡಿಯುವವನಿಗೆ ಕಿವಿಗೊಡಬಲ್ಲನಾದರೆ, ಮರ ಹತ್ತದ ಕವಿ ಮರ ಹತ್ತುವವನಿಗೂ ಕಿವಿಗೊಡಬಹುದಾಗಿತ್ತು. ಆದ್ದರಿಂದ "ಆ ಕಸುಬಿನ ಅನುಭವ ನಮ್ಮ ಲೇಖಕರಿಗಿಲ್ಲ, ಹೇಗೆ ಬರೆದಾರು?" ಎಂಬ ಸಮಾಧಾನ ಸಲ್ಲುವುದಿಲ್ಲ. ಅನುಭವವಿಲ್ಲದೆ ಬರೆಯಬಹುದೆಂಬುದನ್ನು ರಾಜರತ್ನಂ ಅವರೇ ತೋರಿಸಿಕೊಟ್ಟಿದ್ದಾರೆ. ಹೆಂಡದಂಗಡಿಯ ಬಾಗಿಲವರೆಗೆ ಹೋದ ನಮ್ಮ ಸಾಹಿತ್ಯ ಅಂಗಡಿಯ ಹಿಂದಿನ ತೋಪಿಗೆ ಹೋಗಲಿಲ್ಲ.

ಕಾರಂತರ 'ಚೋಮನ ದುಡಿ' (1933) ಹಾಡಲ್ಲ, ಅಳಲು. ಚೋಮನ ಕೈಗೆ ಬಂದ ಕಾಸು ಹೆಂಡದ ಪಾಲಾಗುತ್ತದೆ, ನೆಲದ ಆಸೆ ನೆಲಕ್ಕೆ ಬೀಳುತ್ತದೆ, ದುಡಿಯ ಸದ್ದೊಂದೇ ಉಳಿಯುತ್ತದೆ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಚಿತ್ರವಾಗಿ ತೆಗೆದಾಗ ವಾಸುದೇವ ರಾಯರು ಚೋಮನಾಗಿ ಅಭಿನಯಿಸಿದ್ದನ್ನು ನಮ್ಮ ಹಿರಿಯ ಸದಸ್ಯರು ಇಂದಿಗೂ ನೆನೆಸಿಕೊಳ್ಳುತ್ತಾರೆ. ಅದು ಕನ್ನಡದ ಶ್ರೇಷ್ಠ ಕೃತಿಗಳಲ್ಲೊಂದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಹೆಂಡವು ವಿಧಿಯ ಹಾಗೆ ಎಲ್ಲಿಂದಲೋ ಬಂದು ಚೋಮನನ್ನು ನುಂಗುತ್ತದೆ. ಅದನ್ನು ಇಳಿಸಿದವನೂ ಇನ್ನೊಬ್ಬ ಬಡವನೇ, ಅವನ ಮನೆಯ ಮಡಕೆಯೂ ಬಹುಶಃ ಖಾಲಿಯೇ, ಎಂಬುದು ಕಥೆಯ ಕಣ್ಣಿಗೆ ಬೀಳುವುದಿಲ್ಲ.

ಚರಿತ್ರೆಯ ಕಣ್ಣಿಗೂ ಬಿದ್ದಿಲ್ಲ. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರದ ಸತ್ಯಾಗ್ರಹ ನಡೆಯಿತು. ಸ್ವಾತಂತ್ರ್ಯದ ಹುಮ್ಮಸ್ಸಿನಲ್ಲಿ ಜನ ಈಚಲು ಮರಗಳನ್ನು ಕಡಿದುರುಳಿಸಿದರು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಅದರಲ್ಲಿ ಭಾಗವಹಿಸಿ ಜೈಲು ಸೇರಿದರು. ಸರಕಾರದ ಬೊಕ್ಕಸಕ್ಕೆ ಹೆಂಡದ ಹಣ ಹೋಗಬಾರದು, ಬಡವನ ಮನೆ ಹಾಳಾಗಬಾರದು ಎಂಬ ಆ ಉದ್ದೇಶ ದೊಡ್ಡದು, ನಾವು ಅದಕ್ಕೆ ತಲೆಬಾಗುತ್ತೇವೆ. ಆದರೆ ಮರ ಉರುಳಿದ ಆ ದಿನ ಅದೇ ಮರವನ್ನು ನಂಬಿದವನ ಮನೆಯಲ್ಲಿ ಒಲೆ ಉರಿಯಿತೇ? ನಮ್ಮ ತಾತನಿಗೆ ಆಗ ಇಪ್ಪತ್ತೈದರ ಹರೆಯ. ಅವರು ಆ ಬಗ್ಗೆ ಏನು ಹೇಳುತ್ತಿದ್ದರು ಎಂದು ಅಪ್ಪನನ್ನು ಕೇಳಿದೆವು. "ನೋಡಪ್ಪ, ಗಾಂಧಿ ಹೇಳಿದ್ದು ಸರಿ ಅಂತಲೇ ಅನ್ನೋರು. ಆದರೆ ಮರ ಏನು ತಪ್ಪು ಮಾಡಿತ್ತು ಅಂತಲೂ ಅನ್ನೋರು" ಎಂದರು. ಈ ಎರಡು ಮಾತುಗಳ ನಡುವೆ ಒಂದು ಕಾದಂಬರಿಯೇ ಇದೆ. ಅದನ್ನು ಯಾರಾದರೂ ಬರೆದಿರುವುದನ್ನು ನಾವು ಕಂಡಿಲ್ಲ.

ಅಪವಾದಗಳಿಲ್ಲವೆ? ಇವೆ. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬಾತನಿದ್ದ. ಹೆಂಡ ಮಾರುವ ಕಾಯಕದವನು. ಅವನವೆಂದು ಉಳಿದಿರುವ ವಚನಗಳು ಕೆಲವೇ. ಆದರೆ ತನ್ನ ಕಸುಬಿನ ಮಾತನ್ನೇ ಅನುಭಾವದ ಮಾತಾಗಿ ಮಾಡಿಕೊಂಡವನು ಅವನು. ಹೆಂಡದ ಲೋಕದಿಂದ ಕುಡಿಯುವವನ ಪರವಾಗಿ ಅಲ್ಲದೆ ಮಡಕೆ ಹಿಡಿದವನ ಪರವಾಗಿ ಕೇಳಿಬಂದ ದನಿ ಅದು. ಬಸವಣ್ಣನವರ ಕಾಲದಲ್ಲಿ ಅಂಥವನು ತನ್ನ ಹೆಸರಿನ ಮುಂದೆ ಕಸುಬನ್ನು ಇಟ್ಟುಕೊಂಡೇ ಶರಣನೆನಿಸಿಕೊಳ್ಳಬಹುದಾಗಿತ್ತು. ಎಂಟು ನೂರು ವರ್ಷಗಳ ಮೇಲೆ ನಮ್ಮ ತಂದೆಯವರು ಅದನ್ನು ಮುಚ್ಚಿಡಬೇಕಾಯಿತು! ಇನ್ನೊಂದು ಅಪವಾದ ಕುವೆಂಪು ಅವರದು. 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಮಲೆನಾಡಿನ ಬಗನಿ ಮರವೂ ಕಳ್ಳು ಕಟ್ಟುವ ಹಳೆಪೈಕದವರೂ ಕಥೆಯ ಒಳಗೇ ಓಡಾಡುತ್ತಾರೆ. ಕುವೆಂಪು ಅವರು ಕಾಡನ್ನು ಕಂಡಂತೆ ಕಾಡಿನ ಕಸುಬನ್ನೂ ಕಂಡವರು. ಆದರೆ ಅವರ ನಂತರ ಆ ಜಾಡಿನಲ್ಲಿ ನಡೆದವರು ಕಡಿಮೆ.

ಹಾಗಾದರೆ ಬರೆಯುವುದಕ್ಕೆ ಅಂಥದ್ದೇನಿದೆ ಆ ಕಸುಬಿನಲ್ಲಿ ಎಂದು ವಾಚಕರು ಕೇಳಬಹುದು. ನಾವೂ ಅಪ್ಪನನ್ನು ಹಾಗೆಯೇ ಕೇಳಿದೆವು. ರಾಜ್ಯೋತ್ಸವದ ಮರುದಿನದಿಂದ ಸುಮಾರು ಒಂದು ವಾರ, ರಾತ್ರಿ ಊಟವಾದ ಮೇಲೆ ಅವರು ಹೇಳುತ್ತ ಹೋದರು, ಮೊಮ್ಮಗ ಕೇಳುತ್ತ ಹೋದ. ಗರಿಗಳನ್ನು ಸವರಿ, ಸುಳಿಗೆ ಪೆಟ್ಟಾಗದಂತೆ ಅದರ ಕೆಳಗಿನ ಮೆದುವಾದ ಭಾಗವನ್ನು ಕೆತ್ತಬೇಕು. ಕೆತ್ತಿದ ಗಾಯವನ್ನು ಕೆಲವು ದಿನ ಆರಲು ಬಿಡಬೇಕು. ಆಮೇಲೆ ಬಿದಿರಿನ ಸಣ್ಣ ದೋಣಿಯನ್ನು ಸಿಕ್ಕಿಸಿ ಅದರ ಬಾಯಿಗೆ ಮಡಕೆ ಕಟ್ಟಬೇಕು. ಸಂಜೆ ಮರ ಹತ್ತಿ ತೆಳ್ಳಗೆ ಒಂದು ಪದರ ಕೆತ್ತಿ ಬರಬೇಕು, ಬೆಳಗಿನ ಕತ್ತಲಲ್ಲಿ ಮತ್ತೆ ಹತ್ತಿ ಇಳಿಸಬೇಕು. ಪದರ ತೆಳುವಾದರೆ ರಸ ಬಾರದು, ದಪ್ಪವಾದರೆ ಮರ ಉಳಿಯದು. ಈ ವರ್ಷ ಒಂದು ಬದಿಯನ್ನು ಕೆತ್ತಿದರೆ ಮುಂದಿನ ಸರದಿಗೆ ಇನ್ನೊಂದು ಬದಿ, ನಡುವೆ ಮರಕ್ಕೆ ವಿಶ್ರಾಂತಿ. "ಹಸು ಕರೆದ ಹಾಗೆ ಕಣಪ್ಪ, ಕರುವಿಗೂ ಬಿಡಬೇಕು" ಎಂದು ತಾತ ಹೇಳುತ್ತಿದ್ದರಂತೆ. ಚಳಿಗಾಲದ ರಸ ಹೆಚ್ಚು ಸಿಹಿ. ಬಿಸಿಲೇರುವ ಮೊದಲೇ ಇಳಿಸದಿದ್ದರೆ ಅದು ಮಡಕೆಯಲ್ಲೇ ನೊರೆಯೇಳುತ್ತದೆ.

ನಾವು ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವರು. ಓದಿದ್ದಕ್ಕೂ ಈಗ ಮಾಡುತ್ತಿರುವ ಕೇಂದ್ರ ಸರಕಾರದ ಗುಮಾಸ್ತಗಿರಿಗೂ ಸಂಬಂಧವಿಲ್ಲದಿದ್ದರೂ ಅಪ್ಪನ ಮಾತಿನಲ್ಲಿದ್ದ ಶಾಸ್ತ್ರ ನಮಗೆ ಕಾಣದೆ ಹೋಗಲಿಲ್ಲ. ಮರದ ರಸದಲ್ಲಿರುವುದು ಸಕ್ಕರೆ. ಗಾಳಿಯಲ್ಲಿ, ಮರದ ಗಾಯದಲ್ಲಿ, ಹಳೆಯ ಮಡಕೆಯ ಒಳಮೈಯಲ್ಲಿ ಇರುವ ಹುದುಗಿನ ಜೀವಿಗಳು, ಎಂದರೆ ಯೀಸ್ಟ್, ಆ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತವೆ. ನೊರೆಯೇಳುವುದು ಆ ಅನಿಲದಿಂದ. ಇನ್ನೂ ಬಿಟ್ಟರೆ ಬ್ಯಾಕ್ಟೀರಿಯಾಗಳು ಸೇರಿ ಹುಳಿಯಾಗುತ್ತದೆ, ಕೊನೆಗೆ ವಿನೆಗರ್ ಆಗುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಕ್ಷಾರದಿಂದ ಈ ಜೀವಿಗಳ ಆಟ ನಿಲ್ಲುತ್ತದೆ, ರಸ ಸಿಹಿಯಾಗಿಯೇ ಉಳಿಯುತ್ತದೆ. ಅದೇ ನೀರಾ, ಇಲ್ಲಿಯ ತಮಿಳರ ಪದನೀರ್. ಒಂದೇ ಮರ, ಒಂದೇ ರಸ. ಸುಣ್ಣವಿದ್ದರೆ ಮಕ್ಕಳ ಪಾನೀಯ, ಇಲ್ಲದಿದ್ದರೆ ಹೆಂಡ. ಸಿಹಿಯ ಮಡಕೆ ಯಾವುದು, ಹೆಂಡದ ಮಡಕೆ ಯಾವುದು ಎಂದು ತಾತ ಬೇರೆ ಬೇರೆಯಾಗಿ ಇಟ್ಟಿರುತ್ತಿದ್ದರು, ಒಂದನ್ನು ತಿಕ್ಕಿ ತೊಳೆದು, ಇನ್ನೊಂದನ್ನು ಹಾಗೆಯೇ. ಪಾಶ್ಚರನ ಹೆಸರನ್ನು ಅವರು ಕೇಳಿದವರಲ್ಲ.

ಮಗ ಕೇಳಿದ ಬೀರಿಗೂ ಇದಕ್ಕೂ ವ್ಯತ್ಯಾಸವೇನೆಂಬುದನ್ನೂ ಹೇಳಿಬಿಡೋಣ. ಬೀರಿನ ಮೂಲ ಬಾರ್ಲಿ. ಅದರಲ್ಲಿರುವುದು ಪಿಷ್ಟ, ಸಕ್ಕರೆಯಲ್ಲ. ಆದ್ದರಿಂದ ಮೊದಲು ಕಾಳನ್ನು ಮೊಳಕೆ ಕಟ್ಟಿಸಿ ಒಣಗಿಸಬೇಕು, ಬಿಸಿನೀರಿನಲ್ಲಿ ನೆನೆಸಿ ಪಿಷ್ಟವನ್ನು ಸಕ್ಕರೆ ಮಾಡಿಸಬೇಕು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಬೇಕು, ಆರಿದ ಮೇಲೆ ಯೀಸ್ಟ್ ಬೆರೆಸಿ ವಾರಗಟ್ಟಲೆ ಕಾಯಬೇಕು. ಹೆಂಡ ಕೆಲವೇ ಗಂಟೆಗಳ ಕೂಸು. ಆದರೆ ಬೀರು ಮಾಡುವವರನ್ನು ಯೂರೋಪು ಹೇಗೆ ನಡೆಸಿಕೊಂಡಿತು ನೋಡಿ. ಪಾಶ್ಚರನು 1876ರಲ್ಲಿ ಬೀರಿನ ಮೇಲೆಯೇ ಒಂದು ಗ್ರಂಥ ಬರೆದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬೀರು ಕಂಪನಿಯ ಪ್ರಯೋಗಶಾಲೆಯಲ್ಲಿ ಹ್ಯಾನ್ಸನ್ 1883ರಲ್ಲಿ ಶುದ್ಧ ಯೀಸ್ಟನ್ನು ಬೇರ್ಪಡಿಸಿದ. ಶಾಲೆಯ ಮಕ್ಕಳೆಲ್ಲ ಕಲಿಯುವ ಪಿ.ಎಚ್. ಮಾನವನ್ನು ಸೋರೆನ್‌ಸೆನ್ 1909ರಲ್ಲಿ ರೂಪಿಸಿದ್ದು ಅದೇ ಪ್ರಯೋಗಶಾಲೆಯಲ್ಲಿ. ಸಂಖ್ಯಾಶಾಸ್ತ್ರದ 'ಸ್ಟೂಡೆಂಟ್' ಪರೀಕ್ಷೆಯನ್ನು 1908ರಲ್ಲಿ ಪ್ರಕಟಿಸಿದ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಕಂಪನಿಯ ನೌಕರ. ಅಲ್ಲಿ ಮಾಡುವವನ ಜ್ಞಾನ ವಿಜ್ಞಾನವಾಯಿತು, ಪುಸ್ತಕವಾಯಿತು. ಇಲ್ಲಿ ಅದು ನಾಚಿಕೆಯಾಯಿತು.

ಪಾಶ್ಚಾತ್ಯರಲ್ಲೂ ಮಾಡುವ ಮಾತು ಬೇರೆ, ಸವಿಯುವ ಮಾತು ಬೇರೆ ಎಂಬುದು ನಿಜವೇ. ಇಂಗ್ಲೆಂಡಿನ ಮೈಕೇಲ್ ಜಾಕ್ಸನ್ (ಹಾಡುಗಾರನಲ್ಲ, ಪತ್ರಕರ್ತ) 1977ರಲ್ಲಿ ಲೋಕದ ಬೀರುಗಳನ್ನೆಲ್ಲ ರುಚಿ ನೋಡಿ ವಿಂಗಡಿಸಿದ ಪುಸ್ತಕ ಬರೆದ. ಅಮೆರಿಕದ ಚಾರ್ಲಿ ಪಪಾಜಿಯನ್, ಪರಮಾಣು ಇಂಜಿನಿಯರಿಂಗ್ ಓದಿ ಶಾಲಾ ಮಾಸ್ತರನಾದವನು, 1984ರಲ್ಲಿ ಮನೆಯಲ್ಲೇ ಬೀರು ಮಾಡುವ ಬಗೆಯನ್ನು ಕುರಿತು ಪುಸ್ತಕ ಬರೆದ. ಒಂದು ಸವಿಯುವವನ ಶಾಸ್ತ್ರ, ಒಂದು ಮಾಡುವವನ ಶಾಸ್ತ್ರ. ಆದರೆ ಅಲ್ಲಿ ಎರಡೂ ಇವೆ, ಒಂದನ್ನು ಓದಿದವನು ಇನ್ನೊಂದನ್ನೂ ಓದುತ್ತಾನೆ. ಕಾನೂನೂ ಅದಕ್ಕೆ ದಾರಿ ಬಿಟ್ಟಿತು. ಬ್ರಿಟನ್ನಿನಲ್ಲಿ 1963ರಿಂದ ಮನೆಯ ಬಳಕೆಗೆ ಬೀರು ಮಾಡಲು ಪರವಾನಗಿ ಬೇಕಿಲ್ಲ. ಅಮೆರಿಕದ ಕೇಂದ್ರ ಸರಕಾರ 1978ರಲ್ಲಿ ಶಾಸನ ಮಾಡಿ ಅನುಮತಿಯಿತ್ತಿತು. ಅಲ್ಲಿನ ಕೊನೆಯ ಎರಡು ರಾಜ್ಯಗಳು ಒಪ್ಪಿದ್ದು ಮಾತ್ರ 2013ರಲ್ಲಿ.

ನಮ್ಮ ದೇಶದಲ್ಲಿ ಈ ಎರಡನ್ನೂ ಬೇರ್ಪಡಿಸಿ ಬೇಲಿ ಹಾಕಿದ್ದು ಸಾಹಿತ್ಯ ಮಾತ್ರವಲ್ಲ, ಶಾಸನವೂ ಹೌದು. ನಾವಿರುವ ತಮಿಳುನಾಡಿನಲ್ಲಿ 1987ರ ಜನವರಿ 1ರಿಂದ ಕಳ್ಳು ನಿಷಿದ್ಧ. ತಾಳೆ ಈ ರಾಜ್ಯದ ರಾಜ್ಯವೃಕ್ಷ, ಆದರೆ ಅದರಿಂದ ಕಳ್ಳಿಳಿಸಿದವನು ಅಪರಾಧಿ. ಅದೇ ಸರಕಾರವೇ 2003ರಿಂದ ಟಾಸ್ಮ್ಯಾಕ್ ಅಂಗಡಿಗಳಲ್ಲಿ ಬ್ರಾಂದಿ, ಬೀರುಗಳನ್ನು ತಾನೇ ಚಿಲ್ಲರೆಯಾಗಿ ಮಾರುತ್ತಿದೆ. ಕರ್ನಾಟಕದಲ್ಲಿ 2004ರಲ್ಲಿ ಶೇಂದಿ ನಿಂತಿತು, ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಿಗೆ ಮಾತ್ರ ವಿನಾಯಿತಿ. ಅಲ್ಲಿ ಮೂರ್ತೆದಾರರ ಸಹಕಾರ ಸಂಘಗಳು ಇಂದಿಗೂ ಇವೆ. ಕಾಸರಗೋಡು ಕೇರಳಕ್ಕೆ ಸೇರಿದ್ದರಿಂದ ಅಲ್ಲಿಯ ಕನ್ನಡಿಗರ ಊರಿನಲ್ಲಿ ಕಳ್ಳಿನಂಗಡಿ ಕಾನೂನುಬದ್ಧ. ಒಂದೇ ನುಡಿಯ ಜನ, ಒಂದೇ ಬಗೆಯ ಮರ. ಗಡಿ ದಾಟಿದರೆ ಕಸುಬು ಅಪರಾಧ, ಗಡಿಯೊಳಗೆ ಅದು ಸಹಕಾರ ಸಂಘ! ಪರವಾನಗಿಯಿಲ್ಲದೆ ಮನೆಯಲ್ಲಿ ಒಂದು ಮಡಕೆ ಹುಳಿಸುವುದು ಕರ್ನಾಟಕದಲ್ಲೂ ಇಲ್ಲೂ ತಪ್ಪು. ಕೊಂಡು ಕುಡಿಯುವುದು ತಪ್ಪಲ್ಲ.

ಬೆಂಗಳೂರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬೀರು ಕಾರ್ಖಾನೆಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದವರು ಬಂಟ್ವಾಳದ ಮೂಲದ ವಿಠಲ ಮಲ್ಯ. ಸುಮಾರು 2010ರಿಂದೀಚೆಗೆ ಅದೇ ನಗರದಲ್ಲಿ ಹೋಟೆಲಿನೊಳಗೇ ಬೀರು ತಯಾರಿಸಿ ಬಡಿಸುವ ಸಣ್ಣ ಬ್ರೂವರಿಗಳು ತಲೆಯೆತ್ತಿವೆ. ನಮ್ಮ ಸೋದರಳಿಯನೊಬ್ಬ ಒಮ್ಮೆ ಅಂಥ ಕಡೆಗೆ ಊಟಕ್ಕೆ ಕರೆದೊಯ್ದಿದ್ದ. ಗಾಜಿನ ಗೋಡೆಯಾಚೆ ಫಳಫಳ ಹೊಳೆಯುವ ತಾಮ್ರದ ಹಂಡೆಗಳು, ಅದರ ಮುಂದೆ ಏಪ್ರನ್ ತೊಟ್ಟ ಯುವಕ, ಅವನು ಹೇಗೆ ಮಾಡುತ್ತಾನೆಂಬುದನ್ನು ಮೇಜಿನ ಮೇಲಿಟ್ಟ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಮುದ್ರಿಸಿದ್ದರು. ಜನ ಆ ಚೀಟಿಯನ್ನು ಗೌರವದಿಂದ ಓದುತ್ತಿದ್ದರು. ಆ ಯುವಕನಿಗೆ ಸಿಕ್ಕ ಗೌರವ ನಮಗೆ ಸಂತೋಷವನ್ನೇ ತಂದಿತು. ಮಾಡುವವನಿಗೆ ಮರ್ಯಾದೆ ಕೊಡಲು ನಮ್ಮ ಜನಕ್ಕೆ ಬರುವುದಿಲ್ಲವೆಂದೇನಿಲ್ಲ ಎಂದಾಯಿತು. ಹಂಡೆ ತಾಮ್ರದ್ದಾಗಿರಬೇಕು, ಚೀಟಿ ಇಂಗ್ಲಿಷಿನದಾಗಿರಬೇಕು, ಅಷ್ಟೇ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ನಮ್ಮ ಲೇಖನದ ಕರಡನ್ನು ಓದಿದ ನಮ್ಮ ಮನೆಯವರು ಕೇಳಿದ್ದು ಇದು: "ಕುಡಿತದಿಂದ ಎಷ್ಟು ಹೆಂಗಸರ ಬಾಳು ಹಾಳಾಗಿದೆ ಅಂತ ನಿಮಗೆ ಗೊತ್ತಿಲ್ಲವೇ? ನಮ್ಮ ಬೀದಿಯಲ್ಲೇ ಸಂಬಳದ ದಿನ ಟಾಸ್ಮ್ಯಾಕ್ ಮುಂದೆ ಕಾದು ನಿಲ್ಲುವವರಿಲ್ಲವೇ? ಇದನ್ನೆಲ್ಲ ಹೊಗಳಿ ಬರೆಯಬೇಕೇ?" ಮಾತು ಸತ್ಯವಾದದ್ದು. ಪುಟ್ನಂಜಿಯ ನಗುವನ್ನು ರತ್ನನ ಬಾಯಿಂದ ಮಾತ್ರ ಕೇಳಿದ್ದೇವೆ, ಪುಟ್ನಂಜಿಯನ್ನೇ ಕೇಳಿದ್ದರೆ ಪದ ಬೇರೆಯಾಗುತ್ತಿತ್ತೇನೋ. ಆದರೆ ನಾವು ಕೇಳುತ್ತಿರುವುದು ಹೊಗಳಿಕೆಯನ್ನಲ್ಲ, ದಾಖಲೆಯನ್ನು. ಹೆಂಡದಂಗಡಿಯನ್ನು ಹರಾಜಿನಲ್ಲಿ ಹಿಡಿಯುತ್ತಿದ್ದ ಗುತ್ತಿಗೆದಾರ ಸಾಹುಕಾರನಾದ, ಸರಕಾರಕ್ಕೆ ಸುಂಕ ಬಂತು, ಕುಡಿದವನಿಗೆ ಹಾಡು ಬಂತು, ಹಾಳಾದವನಿಗೆ ಕಾದಂಬರಿ ಬಂತು. ದಿನಕ್ಕೆ ಎರಡು ಹೊತ್ತು ಪ್ರಾಣ ಪಣವಿಟ್ಟು ಮರ ಹತ್ತಿದವನಿಗೆ ಬಂದದ್ದು ದಿನಗೂಲಿ ಮತ್ತು ಕೆಟ್ಟ ಹೆಸರು. ತಾತ ಜೀವಮಾನದಲ್ಲಿ ಎರಡು ಸಲ ಮರದಿಂದ ಬಿದ್ದರು. ಎರಡನೆಯ ಸಲ ಬಿದ್ದ ಮೇಲೆ ಅವರ ಎಡಗಾಲು ನೆಟ್ಟಗಾಗಲಿಲ್ಲ. ಆ ಕುಂಟಿಗೂ ಅಪ್ಪ "ಗದ್ದೆಯ ಬದುವಿನಿಂದ ಬಿದ್ದದ್ದು" ಎಂದೇ ನಮಗೆ ಹೇಳಿದ್ದರು.

ಕುಡಿತ ಬೇಡವೆಂದು ಹೇಳುವ ಹಕ್ಕು ಸಮಾಜಕ್ಕಿದೆ. ಕಸುಬನ್ನು ನಿಲ್ಲಿಸುವ ಹಕ್ಕು ಸರಕಾರಕ್ಕಿದೆ. ಆದರೆ ನಿಂತುಹೋದ ಕಸುಬನ್ನು ಮರೆಯುವ ಹಕ್ಕು ಸಾಹಿತ್ಯ ವಿಮರ್ಶೆಗಿಲ್ಲ. ಮರ ಹತ್ತಿದ ಕೊನೆಯ ತಲೆಮಾರು ಈಗ ಎಪ್ಪತ್ತು, ಎಂಬತ್ತರ ವಯಸ್ಸಿನಲ್ಲಿದೆ. ಕೆತ್ತುವ ಕತ್ತಿಯ ಬಾಗು, ಮಡಕೆಯ ಹಗ್ಗದ ಗಂಟು, ಗಾಯ ಆರಿದ್ದನ್ನು ಬೆರಳಿನಿಂದ ತಿಳಿಯುವ ಬಗೆ, ಇವಕ್ಕೆಲ್ಲ ಕನ್ನಡದಲ್ಲಿ ಮಾತುಗಳಿದ್ದವು. ಅಪ್ಪನಿಗೆ ಕೆಲವು ಮರೆತೇ ಹೋಗಿವೆ. "ಅದಕ್ಕೊಂದು ಹೆಸರಿತ್ತಪ್ಪ, ನಾಲಿಗೆ ತುದೀಲಿದೆ, ಬರ್ತಿಲ್ಲ" ಎಂದು ಅವರು ಒಂದು ರಾತ್ರಿ ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತರು. ಹೆಸರು ಬರಲೇ ಇಲ್ಲ. ಕನ್ನಡ ಉಳಿಯಬೇಕೆಂದು ವರ್ಷಕ್ಕೊಮ್ಮೆ ಭಾಷಣ ಮಾಡುವ ನಾವು, ಹೀಗೆ ನಮ್ಮ ಮನೆಯ ಜಗಲಿಯಲ್ಲೇ ಕಳೆದುಹೋಗುವ ಕನ್ನಡವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆಂದು ಮುಂದಿನ ರಾಜ್ಯೋತ್ಸವದಲ್ಲಿ ರತ್ನನ ಪದಗಳು ಬೇಡವೆಂದು ನಾವು ಹೇಳುವುದಿಲ್ಲ. ಖಂಡಿತ ಹಾಡಲಿ, ನಾವೂ ಕೇಳುತ್ತೇವೆ. ಹಾಡುವ ಮೊದಲು ಹೆಂಡವೆಂದರೆ ಏನು, ಅದನ್ನು ಇಳಿಸುತ್ತಿದ್ದವರು ಯಾರು ಎಂದು ಐದು ನಿಮಿಷ ಮಕ್ಕಳಿಗೆ ಹೇಳಲಿ. ಹೇಳಲು ತಾವೇ ವೇದಿಕೆಗೆ ಬರುವುದಾಗಿ ನಮ್ಮ ತಂದೆಯವರು ಒಪ್ಪಿದ್ದಾರೆ. ಒಪ್ಪಲು ಮೂರು ವಾರ ತೆಗೆದುಕೊಂಡರು, ಆದರೂ ಒಪ್ಪಿದ್ದಾರೆ.

ನಮ್ಮ ಸಂಘದ ಮನೆಗಳಲ್ಲಿ ನೇಯ್ದವರ ಮಕ್ಕಳಿದ್ದಾರೆ, ಗಾಣ ಆಡಿಸಿದವರ, ಚಪ್ಪಲಿ ಹೊಲಿದವರ, ಉಪ್ಪು ಬೆಳೆದವರ ಮೊಮ್ಮಕ್ಕಳಿದ್ದಾರೆ. ಊರು ಬಿಟ್ಟು ಬಂದ ನಾವೆಲ್ಲ "ವ್ಯವಸಾಯ" ಎಂದೋ "ಸಣ್ಣ ವ್ಯಾಪಾರ" ಎಂದೋ ಬರೆಸಿಕೊಂಡವರೇ. ಸಂಪಾದಕರು ತಿಂಗಳಿಗೆ ಎರಡು ಪುಟ ಬಿಟ್ಟುಕೊಟ್ಟರೆ ಅಂಥ ಒಂದೊಂದು ಕಸುಬನ್ನು, ಅದನ್ನು ಮಾಡಿದವರ ಮಾತಿನಲ್ಲೇ, ಬರೆದು ಇಡಬಹುದು. ನಮ್ಮ ಮಗ ಈಗಾಗಲೇ ಒಂದು ನೋಟುಪುಸ್ತಕದಲ್ಲಿ ತಾತ ಹೇಳಿದ್ದನ್ನು ಬರೆದುಕೊಂಡಿದ್ದಾನೆ. ಶಾಲೆಯಲ್ಲಿ ಕನ್ನಡವಿಲ್ಲವಾದ್ದರಿಂದ ಅಕ್ಷರಗಳು ಸೊಟ್ಟಗಿವೆ, ಒತ್ತಕ್ಷರಗಳಲ್ಲಿ ಅರ್ಧ ತಪ್ಪು. ಮೊದಲ ಪುಟದಲ್ಲಿ ಅವನು ಬರೆದಿರುವುದು ನಮ್ಮ ತಾತನ ಹೆಸರು, ಅದರ ಕೆಳಗೆ ಅವರ ಕೆಲಸ. ಆ ಸಾಲಿನಲ್ಲಿ ಮಾತ್ರ ಒಂದು ತಪ್ಪೂ ಇಲ್ಲ.